ಪದಚರ್ಚೆ: ಕೈಯಾರೆ ಕಟ್ಟಿದ ರೈಲು, ಮತ್ತು ಬೋಗಿಯ ಕೆಳಗಿನ ಬೋಗಿ

ಬಳಗದ ಎಲ್ಲರಿಗೂ ನಮಸ್ಕಾರ.

ಪ್ರತಿ ಭಾಗವನ್ನೂ ಕೈಯಾರೆ ಮಾಡಿ ಕಟ್ಟುವ ಪುಟ್ಟ ರೈಲಿಗೆ, ಆ ಹವ್ಯಾಸಕ್ಕೆ, ಕನ್ನಡದಲ್ಲಿ ಒಂದು ಪದ ಬೇಕಾಗಿದೆ. ಹಿನ್ನೆಲೆ ಹೇಳದೆ ಕೇಳಿದರೆ ಬೇರೆ ಯಾವುದಕ್ಕೋ ಹೊಂದುವ ಪದ ಬಂದು ಸೇರುತ್ತದೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ, ಸಂಪಿಗೆ ಮರವನ್ನು ಸುತ್ತಿಕೊಂಡು ಒಂದು ಪುಟ್ಟ ರೈಲು ಓಡುತ್ತದೆ. ಅದರ ಬಾಯ್ಲರ್, ನಲ್ಲಿ ಕೆಲಸದವರು ಬಿಟ್ಟುಹೋದ ಪಿವಿಸಿ ಪೈಪಿನ ತುಂಡು. ಹೊಗೆಕೊಳವೆ, ಮಾತ್ರೆಯ ಖಾಲಿ ಡಬ್ಬಿ. ಹಿಡಿಕೆಯ ಸರಳುಗಳು ಮುರಿದ ಕೊಡೆಯ ಕಡ್ಡಿಗಳು. ಗೋಡೆಗಳಿಗೆ ಬಳಸಿದ್ದು ಅಂಗಡಿ ಬೋರ್ಡಿನ ಫೋಮ್ ಹಾಳೆ. ಅದನ್ನು ಗುಜರಿಯಿಂದ ತೂಕದ ಲೆಕ್ಕದಲ್ಲಿ ತಂದೆ. ಮೊಮ್ಮಗ ಒಡೆದುಹಾಕಿದ ಆಟದ ಕಾರಿನ ಮೋಟಾರು, ಹೊಟ್ಟೆಯೊಳಗೆ ಬ್ಯಾಟರಿ. ಮಣ್ಣು, ಎಲೆ, ಮಳೆ ಇರುವ ಕಡೆ ಹಳಿಯಲ್ಲಿ ವಿದ್ಯುತ್ ಹರಿಸುವ ಸಾಹಸಕ್ಕಿಂತ ಇದೇ ಅಗ್ಗ. ಬೇಸಿಗೆ ರಜೆಯಲ್ಲಿ ಬೀದಿಯ ಏಳೆಂಟು ಮಕ್ಕಳಿಗೆ ಇದನ್ನು ಕಲಿಸಲು ಒಪ್ಪಿಕೊಂಡಿದ್ದೇನೆ. ಅವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯಲು ಕುಳಿತರೆ ಮೊದಲ ವಾಕ್ಯದಲ್ಲೇ ಗಾಡಿ ನಿಂತಿತು.

ಈ ಹವ್ಯಾಸದವರು ಇಂಗ್ಲಿಷಿನಲ್ಲಿ ಇದನ್ನು 'ಸ್ಕ್ರ್ಯಾಚ್‌ಬಿಲ್ಡಿಂಗ್' ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಅಂಟಿಸುವುದಲ್ಲ. ಹಾಳೆ, ಕಡ್ಡಿ, ತಂತಿಗಳಿಂದ ಪ್ರತಿಯೊಂದು ಭಾಗವನ್ನೂ ನಾವೇ ಕತ್ತರಿಸಿ ಮಾಡುವುದು. ಓಟದ ಸ್ಪರ್ಧೆಯಲ್ಲಿ ನೆಲದ ಮೇಲೆ ಗೀರುತ್ತಿದ್ದ ಆರಂಭದ ಗೆರೆಯಿಂದ ಆ ಮಾತು ಬಂದದ್ದು. ಅದನ್ನೇ ಹಿಡಿದು 'ಗೀರಿನಿಂದ ಮಾಡಿದ ರೈಲು' ಎಂದರೆ, ಗೋಡೆಗೆ ಉಜ್ಜಿ ಬಣ್ಣ ಹೋದ ರೈಲು ಎಂದುಕೊಂಡಾರು.

'ಕಸದಿಂದ ರಸ' ಎಂದು ಬರೆಯಿರಿ ಎಂದರು ಹಲವರು. ಶಾಲೆಯ ವಸ್ತುಪ್ರದರ್ಶನಗಳಲ್ಲಿ ಸವೆದುಹೋದ ಆ ಮಾತಿನ ಮೇಲೆ ನನಗೆ ಮುನಿಸಿದೆ, ಅದು ಹಾಗಿರಲಿ. ಅರ್ಥವೂ ಸರಿಹೊಂದುವುದಿಲ್ಲ. ಹೊಸ ಹಿತ್ತಾಳೆ ತಗಡು ಕೊಂಡುತಂದು ಎಂಜಿನ್ ಮಾಡಿದರೂ ಅದು ಸ್ಕ್ರ್ಯಾಚ್‌ಬಿಲ್ಡಿಂಗೇ. ನನ್ನ ಕೆಲಸದಲ್ಲಿ ಕಸ ಇರುವುದು ಜೇಬಿನ ಕಾರಣಕ್ಕೆ.

'ಬುಡದಿಂದ ಕಟ್ಟಿದ್ದು' ನನಗೆ ಹಿಡಿಸಿತ್ತು. ಸಮಾಸ ಮಾಡಲು ಹೊರಟರೆ 'ಬುಡಕಟ್ಟು ರೈಲು' ಆಯಿತು. ಕೈಯಿಂದ ಕಟ್ಟಿದ್ದು ಎಂದು 'ಕೈಕಟ್ಟು' ಮಾಡಿದರೆ ಇನ್ನೂ ಫಜೀತಿ: ಕೈಕಟ್ಟಿ ಕುಳಿತ ರೈಲು! ಹಗಲೆಲ್ಲ ಕತ್ತರಿ, ಅರ, ಗೋಂದು ಹಿಡಿದು ಬೆರಳು ಒರಟಾಗಿರುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

'ಕೈಯಾರೆ' ಎಂಬುದು ಒಳ್ಳೆಯ ಮಾತು. ತೊಡಕೆಂದರೆ ಅದು ಕ್ರಿಯೆಯ ಬೆನ್ನು ಬಿಡುವುದಿಲ್ಲ. 'ಕೈಯಾರೆ ಕಟ್ಟಿದ ರೈಲು' ಎನ್ನಬಹುದು, 'ಕೈಯಾರೆ ರೈಲು' ಎನ್ನಲಾಗದು. ಅಲ್ಲದೆ ಕೈಯಾರೆ ಹಾಳುಮಾಡಿಕೊಳ್ಳುವುದೂ ಉಂಟು. ನನ್ನ ಮೊದಲ ನಿಲ್ದಾಣವನ್ನು ರಟ್ಟು ಮತ್ತು ಬಿಳಿ ಗೋಂದಿನಲ್ಲಿ ಮಾಡಿ ಬಯಲಲ್ಲಿ ಬಿಟ್ಟಿದ್ದೆ. ಭರಣಿ ಮಳೆ ಒಂದೇ ಸಂಜೆಯಲ್ಲಿ ಅದನ್ನು ಅಂಬಲಿ ಮಾಡಿತು.

ಸದ್ಯಕ್ಕೆ ನನಗೆ ತೋಚಿರುವುದು, ವಿಶೇಷಣವೇ ಬೇಡ, ಕ್ರಿಯಾಪದದಲ್ಲೇ ಭೇದ ತೋರಿಸೋಣ ಎಂದು. ಮನೆ, ಹೂವು, ಹಾಡು, ಕಥೆ ಎಲ್ಲವನ್ನೂ ಕನ್ನಡಿಗರು 'ಕಟ್ಟು'ತ್ತಾರೆ. ಯಂತ್ರದ ಬಿಡಿಭಾಗಗಳನ್ನು ಮಾತ್ರ 'ಜೋಡಿಸು'ತ್ತಾರೆ. ಹಾಗಾದರೆ ಕೊಂಡ ರೈಲು, ಜೋಡಿಸಿದ ರೈಲು, ಕಟ್ಟಿದ ರೈಲು. ಸಾಲದೆ? ನನಗೆ ಸಾಕೆನಿಸುತ್ತದೆ. ಆದರೆ ಹವ್ಯಾಸಕ್ಕೊಂದು ಹೆಸರು ಬೇಕಲ್ಲ. 'ರೈಲು ಕಟ್ಟುವುದು' ಎಂದರೆ ಕೇಳಿದವರು ಹಗ್ಗ ಹುಡುಕುತ್ತಾರೆ. 'ರೈಲು ಬಿಡುವವನು' ಎಂದು ಮನೆಯಲ್ಲಿ ನನಗೆ ಆಗಲೇ ಹೆಸರು ಬಿದ್ದಿದೆ. ಅದರ ಅರ್ಥವನ್ನು ಈ ಬಳಗಕ್ಕೆ ಬಿಡಿಸಿ ಹೇಳಬೇಕಿಲ್ಲ.

ಇನ್ನು 'ಮಾದರಿ'. ಪತ್ರಿಕೆಗಳಲ್ಲಿ 'ಮಾದರಿ ರೈಲು' ಎಂದು ಬರೆಯುತ್ತಾರೆ. ಮಾದರಿ ಶಾಲೆ, ಮಾದರಿ ಗ್ರಾಮಗಳ ಸಾಲಿನಲ್ಲಿ ಅದನ್ನಿಟ್ಟು ಓದಿ ನೋಡಿ: ಹೊತ್ತಿಗೆ ಸರಿಯಾಗಿ ಬರುವ, ಶೌಚಾಲಯ ಶುಚಿಯಾಗಿರುವ ರೈಲು ಕಣ್ಣಿಗೆ ಬರುತ್ತದೆ. 'ಪುಟಾಣಿ ರೈಲು' ಎಂದರೆ ಉದ್ಯಾನಗಳಲ್ಲಿ ಮಕ್ಕಳು ಹತ್ತಿ ಕೂರುವುದು. 'ಕಿರುರೈಲು' ಎಂದು ತಾತ್ಕಾಲಿಕವಾಗಿ ಬರೆದುಕೊಂಡಿದ್ದೇನೆ. ಹಳಿ, ನಿಲ್ದಾಣ ಎಲ್ಲ ಸೇರಿದ ಇಡೀ ಹರವಿಗೆ ಈ ಹವ್ಯಾಸದವರು ಹೇಳುವ 'ಲೇಔಟ್' ಅಂತೂ ಮೈಸೂರಿನಲ್ಲಿ ಬಳಸುವಂತೆಯೇ ಇಲ್ಲ. ಹಿತ್ತಲಲ್ಲಿ ಲೇಔಟ್ ಮಾಡಿದ್ದೇನೆ ಎಂದು ಮದುವೆಯ ಮನೆಯಲ್ಲಿ ಹೇಳಿದ್ದಕ್ಕೆ ಪಕ್ಕದಲ್ಲಿ ಕುಳಿತಿದ್ದವರು, "ಮೂವತ್ತು ನಲವತ್ತು ಸೈಟು ಇದೆಯೇ? ಚದರಡಿಗೆ ಎಷ್ಟು?" ಎಂದು ಕೇಳಿದರು.

'ಸ್ಕೇಲ್' ಕೂಡ ಹಾಗೆಯೇ. ಈ ಹವ್ಯಾಸದಲ್ಲಿ ಅದು ನಿಜವಾದ ರೈಲನ್ನು ಎಷ್ಟು ಪಟ್ಟು ಕುಗ್ಗಿಸಿದೆ ಎಂಬ ಲೆಕ್ಕ; ನನ್ನದು 22.5 ಪಟ್ಟು. ನಮ್ಮ ಮಕ್ಕಳಿಗೆ ಸ್ಕೇಲ್ ಎಂದರೆ ಜ್ಯಾಮಿಟ್ರಿ ಪೆಟ್ಟಿಗೆಯ ಅಳತೆಪಟ್ಟಿ. ನನ್ನ ಹಳಿಗಳ ನಡುವಿನ ಅಂತರ 45 ಮಿಲಿಮೀಟರ್. ಅದನ್ನು 22.5ರಿಂದ ಗುಣಿಸಿದರೆ ಒಂದು ಮೀಟರಿಗೆ ಒಂದು ಸೆಂಟಿಮೀಟರಿನಷ್ಟೇ ಹೆಚ್ಚು ಬರುತ್ತದೆ. ಅಂದರೆ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೆ ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಓಡುತ್ತಿದ್ದ ನಮ್ಮ ಮೀಟರ್‌ಗೇಜ್. ಜರ್ಮನಿಯ ಲೇಮನ್ ಕಂಪನಿ ತೋಟದ ರೈಲಿಗೆ ಈ ಅಳತೆಯನ್ನು ರೂಢಿಗೆ ತಂದದ್ದು 1968ರಲ್ಲಿ. ಈ ಲೆಕ್ಕದಲ್ಲಿ ಐದೂವರೆ ಅಡಿಯ ಮನುಷ್ಯ ಏಳೂವರೆ ಸೆಂಟಿಮೀಟರ್, ಒಂಬತ್ತು ಅಂಗುಲದ ಇಟ್ಟಿಗೆ ಒಂದು ಸೆಂಟಿಮೀಟರ್. ಇದಕ್ಕೆ 'ಇಳಿಯಳತೆ' ಎಂದು ನಾನೇ ಹೆಸರಿಟ್ಟೆ. ಹೇಗಿದೆ ಹೇಳಿ.

ನಿಜವಾದ ಇಕ್ಕಟ್ಟು ಬೋಗಿಯದು. ಇಂಗ್ಲಿಷಿನಲ್ಲಿ ಬೋಗಿ ಎಂದರೆ ಡಬ್ಬಿಯ ಎರಡೂ ತುದಿಗಳ ಕೆಳಗೆ ತಿರುಗುವಂತೆ ಕೂರಿಸಿದ, ಗಾಲಿಗಳಿರುವ ಚೌಕಟ್ಟು. ನಮ್ಮಲ್ಲಿ ಬೋಗಿ ಎಂದರೆ ಇಡೀ ಡಬ್ಬಿ. ಕೈಪಿಡಿಯ ಕರಡಿನಲ್ಲಿ ನಾನು ಬರೆದ ವಾಕ್ಯ: 'ಒಂದು ಬೋಗಿಯ ಕೆಳಗೆ ಎರಡು ಬೋಗಿ ಕೂರಿಸಿ'. ಮೊಮ್ಮಗ ಓದಿ, "ತಾತ, ಮೇಲಿನದು ಬೀಳುವುದಿಲ್ಲವೇ?" ಎಂದ. ಜನರ ಬಾಯಲ್ಲಿ ಗಟ್ಟಿಯಾಗಿರುವ ಅರ್ಥವನ್ನು ತಿದ್ದಲು ಹೋಗುವ ಜಾಯಮಾನ ನನ್ನದಲ್ಲ. ಬೋಗಿ ಡಬ್ಬಿಯಾಗಿಯೇ ಇರಲಿ, ಕೆಳಗಿನದಕ್ಕೆ ಬೇರೆ ಹೆಸರು ಬೇಕು. ಅಶೋಕಪುರಂ ರೈಲ್ವೆ ಕಾರ್ಯಾಗಾರದಿಂದ ನಿವೃತ್ತರಾದ ಪಕ್ಕದ ಮನೆಯವರು, "ನಾವು ಟ್ರಾಲಿ ಎನ್ನುತ್ತಿದ್ದೆವು" ಎಂದರು. ಆದರೆ ಈ ಸೀಮೆಯಲ್ಲಿ ಟ್ರಾಲಿ ಎಂದೊಡನೆ ಟ್ರ್ಯಾಕ್ಟರಿನ ಹಿಂದೆ ಕಬ್ಬು ಹೇರಿಕೊಂಡು ಅರ್ಧ ರಸ್ತೆ ಹಿಡಿದು ಬರುವುದೇ ನೆನಪಾಗುತ್ತದೆ. 'ಗಾಲಿಚೌಕಟ್ಟು' ಎಂದು ಹಾಕಿದ್ದೇನೆ, ಸ್ವಲ್ಪ ಭಾರವಾಯಿತೇನೋ. ಎರಡು ಗಾಲಿಗಳನ್ನು ಕೂಡಿಸುವ ಇರುಸಿಗೆ 'ಅಚ್ಚು' ಎಂಬ ಮಾತಿದ್ದರೂ, ಇಟ್ಟಿಗೆಗಳನ್ನು ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ಯುವ ಪುಟವೂ ಪಕ್ಕದಲ್ಲೇ ಇರುವುದರಿಂದ 'ಇರುಸು' ಎಂದೇ ಉಳಿಸಿಕೊಂಡೆ.

ಒಂದು ಪದ ಮಾತ್ರ ತಾನಾಗಿ ಬಂದು ಮಡಿಲಿಗೆ ಬಿತ್ತು. ತೋಟದ ರೈಲು ಎಂದರೆ ಇಲ್ಲಿ ತೆಂಗಿನ ತೋಟ, ಅಡಿಕೆ ತೋಟ. ಮನೆಗೆ ಅಂಟಿದ ಪುಟ್ಟ ತೋಟಕ್ಕೆ ನಮ್ಮಲ್ಲಿ 'ಕೈತೋಟ' ಎಂಬ ಮಾತು ಇದ್ದೇ ಇದೆ. 'ಕೈತೋಟದ ರೈಲು'! ದಸರಾ ಬೊಂಬೆ ಕೂರಿಸುವಾಗ ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಹೊಲ ಮಾಡುವ ನನ್ನ ಹೆಂಡತಿ, ಇದನ್ನು ಕೇಳಿ, "ಕೈತೋಟ ನನ್ನದು, ರೈಲು ಮಾತ್ರ ನಿಮ್ಮದು" ಎಂದು ಗಡಿ ಗುರುತಿಸಿಯೂ ಆಯಿತು.

ಈಗ ಪ್ರಶ್ನೆ, ಮುಖ್ಯವಾಗಿ ಮಂಡ್ಯ ಕಡೆಯವರಿಗೆ. ಎತ್ತಿನ ಗಾಡಿ ಮಾಡುತ್ತಿದ್ದ ಬಡಗಿಗಳು, ಸಿದ್ಧ ಗಾಲಿ ತಂದು ಹಾಕಿದ ಗಾಡಿಗೂ ಗಾಲಿಯ ನಡುವಿನ ಗುಂಬ, ಅರಕಾಲು, ನೊಗ ಎಲ್ಲವನ್ನೂ ತಾವೇ ಕೆತ್ತಿ ಮಾಡಿದ ಗಾಡಿಗೂ ಬೇರೆ ಬೇರೆ ಹೆಸರು ಹೇಳುತ್ತಿದ್ದರೇ? ನಿಮ್ಮ ಊರಿನಲ್ಲಿ ಅಂಥ ಹಿರಿಯರು ಇನ್ನೂ ಇದ್ದರೆ ಒಮ್ಮೆ ಕೇಳಿ ತಿಳಿಸಿ. ಮಕ್ಕಳು ಏಪ್ರಿಲ್ ಎರಡನೆಯ ವಾರ ಬರುತ್ತಾರೆ. ಅಷ್ಟರೊಳಗೆ ಪದ ಸಿಗದಿದ್ದರೆ ಕೈಪಿಡಿಯ ಮೊದಲ ಪುಟದಲ್ಲಿ 'ಕಟ್ಟಿದ ರೈಲು' ಎಂದೇ ಇರುತ್ತದೆ.