ಚಾಮುಂಡಿ ಬೆಟ್ಟದಲ್ಲಿ ಭಕ್ತರ ಸಮೀಕ್ಷೆ: ಎಲ್ಲದಕ್ಕೂ ‘ಚೆನ್ನಾಗಿದೆ’ ಅಂತಾರೆ, ಏನು ಮಾಡೋದು?

ಹೊಸಸಮೀಕ್ಷಕ:
ಪ್ರವಾಸೋದ್ಯಮ ಪ್ರಾಜೆಕ್ಟಿಗೆ ಭಕ್ತರ ತೃಪ್ತಿ ಅಳೀಬೇಕು. ಸರ್ವ್‌ಕ್ವಾಲ್ (ಸೇವೆಯ ಗುಣಮಟ್ಟ ಅಳೆಯೋ ಸಿದ್ಧ ಪ್ರಶ್ನಾವಳಿ) ಅದರ 22 ಅಂಶ ಕನ್ನಡಕ್ಕೆ ತಂದು, 1ರಿಂದ 5ರ ಮಾಪಕ ಇಟ್ಟು, ಮೊದಲು 30 ಜನರನ್ನ ಕೇಳಿದ್ದಾಯ್ತು. ಹೆಚ್ಚೂಕಡಿಮೆ ಎಲ್ಲದಕ್ಕೂ 5. ಎಡವಟ್ಟು ಎಲ್ಲಿ? ಎಷ್ಟು ಜನರನ್ನ, ಎಲ್ಲಿ ನಿಂತು ಕೇಳಬೇಕು?

ಅಳತೆಗೋಲು:
ಎಡವಟ್ಟು ಪ್ರಶ್ನೆಯಲ್ಲೇ ಇದೆ. ‘ವ್ಯವಸ್ಥೆ ಹೇಗಿತ್ತು’ ಅಂದ್ರೆ ಅವರ ಕಿವಿಗೆ ಬೀಳೋದು ‘ದರ್ಶನ ಹೇಗಾಯ್ತು’ ಅಂತ. ತಾಯಿ ಸನ್ನಿಧಿಯಲ್ಲಿ ನಿಂತು ಕೊಂಕು ತೆಗೆಯೋರು ಯಾರು? ದರ್ಶನದ ಮಾತು ಮೊದಲೇ ಒಂದು ಪ್ರಶ್ನೆಯಲ್ಲಿ ಮುಗಿಸಿ. ಆಮೇಲೆ ಅಭಿಪ್ರಾಯ ಬೇಡ, ನಡೆದದ್ದು ಕೇಳಿ: ಸಾಲಿನಲ್ಲಿ ಎಷ್ಟು ಹೊತ್ತು ನಿಂತ್ರಿ? ಶೌಚಾಲಯ ಎಲ್ಲಿ ಅಂತ ಯಾರನ್ನಾದ್ರೂ ಕೇಳಬೇಕಾಯ್ತಾ? ಕುಡಿಯೋ ನೀರು ದುಡ್ಡು ಕೊಟ್ಟು ತಗೊಂಡ್ರಾ? ಬರಿಗಾಲಿಗೆ ಕಲ್ಲು ಸುಟ್ಟಿತಾ? ‘ನೀರು ಮತ್ತು ಶೌಚಾಲಯ ತೃಪ್ತಿಕರವೇ’ ಅಂತ ಎರಡನ್ನ ಗಂಟು ಹಾಕಿದ್ರೆ, 3 ಬಂದಾಗ ಯಾವುದಕ್ಕೆ ಬಂತು ಅಂತ ತಿಳಿಯಲ್ಲ.

ಮಾಪಕದ ನಡುವೆ ‘ಪರವಾಗಿಲ್ಲ’ ಹಾಕಿದೀರಾ? ತೆಗೀರಿ. ಒಬ್ಬರು ‘ಪರವಾಗಿಲ್ವೇ!’ ಅಂತ ಮೆಚ್ಚಿ ಹೇಳ್ತಾರೆ, ಇನ್ನೊಬ್ಬರು ‘ಹೋಗ್ಲಿ ಬಿಡಿ’ ಅನ್ನೋ ಅರ್ಥದಲ್ಲಿ. ‘ತಟಸ್ಥ’ ಅನ್ನೋ ಪದವಂತೂ ಯಾರ ಬಾಯಲ್ಲೂ ಇಲ್ಲ. ‘ಹತ್ತಕ್ಕೆ ಎಷ್ಟು ಮಾರ್ಕು ಕೊಡ್ತೀರಿ’ ಅಂದ್ರೆ ಅಜ್ಜಿಯರೂ ಲೆಕ್ಕ ಹಾಕಿ ಹೇಳ್ತಾರೆ.

ಮೆಟ್ಟಿಲುದಾರಿ:
ಮೇಲಿನದಕ್ಕೆ ಒಂದು ಸೇರಿಸಿ. ‘ಹತ್ತೋದು ಕಷ್ಟವಾಯ್ತಾ’ ಅನ್ನೋದನ್ನ ಅತೃಪ್ತಿಯ ಲೆಕ್ಕಕ್ಕೆ ಹಾಕಬೇಡಿ. ಹರಕೆ ಹೊತ್ತು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚಿಕೊಂಡು ಬರೋರಿಗೆ ಸೊಂಟ ನೋವೇ ಸೇವೆ. ಅದೇ ಮೆಟ್ಟಿಲಲ್ಲಿ ಬೆಳಿಗ್ಗೆ ವ್ಯಾಯಾಮಕ್ಕೆ ಹತ್ತೋರೂ ಇರ್ತಾರೆ, ಅವರಲ್ಲಿ ಎಷ್ಟೋ ಜನ ದೇವಸ್ಥಾನದ ಸಾಲಿಗೇ ನಿಲ್ಲಲ್ಲ. ‘ಯಾತಕ್ಕೆ ಬಂದ್ರಿ’ ಅಂತ ಮೊದಲು ಕೇಳಿ ಬೇರ್ಪಡಿಸಿ.

1008 ಮೆಟ್ಟಿಲಲ್ಲಿ ಸುಮಾರು 700ನೇದರ ಹತ್ತಿರ ನಂದಿ. ಅಲ್ಲಿಗೆ ರಸ್ತೆಯೂ ಇದೆ, ಗಾಡಿ ನಿಲ್ಲಿಸಿ ಉಳಿದ ಮುನ್ನೂರು ಮಾತ್ರ ಹತ್ತೋರುಂಟು. ಅವರೂ ‘ಮೆಟ್ಟಿಲಲ್ಲೇ ಬಂದ್ವಿ’ ಅಂತಾರೆ! ಹತ್ತಿ ಬಂದು ಬಸ್ಸಿನಲ್ಲಿ ಇಳಿಯೋರೂ ಇದ್ದಾರೆ. ಎಲ್ಲಿಂದ ಹತ್ತಿದ್ರಿ, ಹೇಗೆ ಇಳೀತೀರಿ: ಎರಡು ಪ್ರಶ್ನೆ ಮಾಡಿ.

ಅಳತೆಗೋಲು:
ಸಂಖ್ಯೆ: ಶೇ. 95 ವಿಶ್ವಾಸ, ಶೇ. 5 ದೋಷಮಿತಿಗೆ (ಅಂದ್ರೆ ನೂರು ಸಲ ಸಮೀಕ್ಷೆ ಮಾಡಿದ್ರೆ ಸುಮಾರು 95 ಸಲ ಬರೋ ಶೇಕಡಾವಾರು ಲೆಕ್ಕ ನಿಜಕ್ಕಿಂತ 5ರೊಳಗೇ ಆಚೀಚೆ ಇರುತ್ತೆ) 385 ಜನ ಸಾಕು. ಆದ್ರೆ ಅದು ಒಟ್ಟು ಲೆಕ್ಕಕ್ಕೆ. ಮೆಟ್ಟಿಲಿನವರು, ಬಸ್ಸಿನವರು ಅಂತ ಹೋಲಿಸೋದಾದ್ರೆ ಒಂದೊಂದು ಗುಂಪಿಗೂ ಕಡೇಪಕ್ಷ 100 ಜನ ಬೇಕು. ಒಂದು ಕುಟುಂಬದಿಂದ ಒಬ್ಬರೇ. ನಾಲ್ವರನ್ನ ಕೇಳಿದ್ರೆ ಯಜಮಾನರ ಉತ್ತರವೇ ನಾಲ್ಕು ಸಲ ಬರುತ್ತೆ. ಹೊರಗೆ ಬರೋ ಪ್ರತಿ 10ನೇ ಗುಂಪನ್ನ ನಿಲ್ಲಿಸಿ. ಆಷಾಢ ಶುಕ್ರವಾರದ ಹಾಳೆಗಳನ್ನ ಬೇರೆ ಕಟ್ಟಿಡಿ, ಮಾಮೂಲಿ ದಿನದ ಜೊತೆ ಬೆರೆಸಿದ್ರೆ ಸರಾಸರಿಗೆ ಅರ್ಥವೇ ಇರಲ್ಲ.

ಹೊಸಸಮೀಕ್ಷಕ:
ಕ್ಯೂಆರ್ ಕೋಡ್ ಅಂಟಿಸಿಬಿಟ್ರೆ ಆಗಲ್ವಾ? ಬಸ್ ಸ್ಟಾಪ್ ಹತ್ತಿರ?

ಮೆಟ್ಟಿಲುದಾರಿ:
ಕೋಡ್ ಸ್ಕ್ಯಾನ್ ಮಾಡೋದು ಹರೆಯದವರು, ಇಲ್ಲಾ ಸಿಟ್ಟು ಬಂದವರು. ಬಸ್ ಸ್ಟಾಪಲ್ಲಿ ಆರನೇ ಪ್ರಶ್ನೆಗೆ ಬಸ್ ಬರುತ್ತೆ, ಅರ್ಧ ಹಾಳೆ ನಿಮ್ಮ ಕೈಲಿ. ಪ್ರಸಾದ ತಗೊಂಡು ನೆರಳಲ್ಲಿ ಕೂತವರನ್ನ ಕೇಳಿ, ನೀವೇ ಬರ್ಕೊಳ್ಳಿ, ಐದು ನಿಮಿಷ ಮೀರಬಾರದು. ಕೊರಳಲ್ಲಿ ಗುರುತಿನ ಚೀಟಿ ಇರಲಿ, ಇಲ್ಲಾಂದ್ರೆ ದೇವಸ್ಥಾನದವರು ಅಂದ್ಕೊಂಡು ಮತ್ತೆ ಎಲ್ಲದಕ್ಕೂ ‘ಚೆನ್ನಾಗಿದೆ’ ಅಂತಾರೆ.