‘ಔಷಧಿಗೆ ಬಗ್ಗದ ನಂಜು’: ಬಾಣಂತಿಯರಿಗೆ ಓದಿ ಹೇಳಲು ಈ ಮಾತು ಸರಿಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಹಾಸನ ಜಿಲ್ಲೆಯ ಆಲೂರು ಕಡೆಯ ಹಳ್ಳಿಗಳಲ್ಲಿ ಬಾಣಂತಿಯರ ಮನೆಗಳಿಗೆ ಹೋಗಿ ವಿಚಾರಿಸಿಕೊಂಡು ಬರುವುದು ನನ್ನ ಕೆಲಸ. ಹೆರಿಗೆಯ ನಂತರ ತಗಲುವ, ಆಂಟಿಬಯೋಟಿಕ್ ಕೊಟ್ಟರೂ ಇಳಿಯದ ಸೋಂಕಿನ ಬಗ್ಗೆ ಒಂದು ಕರಪತ್ರದ ಕನ್ನಡ ತಿದ್ದಿಕೊಡಲು ಒಪ್ಪಿಕೊಂಡಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದಿದ್ದೇನೆ.

ಕರಡಿನಲ್ಲಿ ‘ಪ್ರತಿಜೀವಕ ನಿರೋಧಕ ಶಕ್ತಿ’ ಎಂದಿತ್ತು, ಅಂದರೆ ಬ್ಯಾಕ್ಟೀರಿಯಾ ಆಂಟಿಬಯೋಟಿಕ್‌ಗೆ ಸೋಲದೆ ಉಳಿಯುವುದು. ಅದನ್ನು ಹಾಗೆಯೇ ಒಂದು ಮನೆಯಲ್ಲಿ ಓದಿದೆ. ಸಿಸೇರಿಯನ್ ಹೊಲಿಗೆಯಲ್ಲಿ ಕೀವು ತುಂಬಿ ಎರಡನೆಯ ಸಲ ಆಸ್ಪತ್ರೆ ಸೇರಿ ಬಂದ ಹುಡುಗಿ ಒಳಗೆ ಮಲಗಿದ್ದಳು. ಅವಳ ಅತ್ತೆ ಕೇಳಿಸಿಕೊಂಡು, ‘ನಿರೋಧಕ ಶಕ್ತಿ ಬಂದೈತೆ ಅಂದ್ರೆ ಒಳ್ಳೇದೇ ಆಯ್ತಲ್ಲ ಸಿಸ್ಟರ್, ಮತ್ಯಾಕೆ ಇನ್ನೂ ಇಂಜೆಕ್ಷನ್ನು?’ ಎಂದರು. ತಪ್ಪು ಅವರದಲ್ಲ. ಕೋವಿಡ್ ಕಾಲದಲ್ಲಿ ‘ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ’ ಎಂದು ಮನೆಮನೆಗೆ ಹೇಳಿಬಂದವರು ನಾವೇ. ಆ ಶಕ್ತಿ ನಮ್ಮ ಮೈಯದು, ಇರಬೇಕಾದ್ದು. ಇದು ಬ್ಯಾಕ್ಟೀರಿಯಾದ್ದು, ತಾಯಿಯ ಜೀವಕ್ಕೆ ಎರವಾಗುವಂಥದ್ದು. ಎರಡಕ್ಕೂ ಒಂದೇ ಪದ ಇಟ್ಟರೆ ಕೇಳುವವರು ಏನು ಮಾಡಬೇಕು? (ವಯಸ್ಸಾದವರಿಗಂತೂ ‘ನಿರೋಧ್’ ಎಂದರೆ 1968ರಿಂದ ಸರ್ಕಾರ ಹಂಚುತ್ತ ಬಂದ ಕಾಂಡೋಮ್. ಗಂಡಸರ ಮುಂದೆ ಆ ಪದ ಬಂದರೆ ತಲೆ ತಗ್ಗಿಸುತ್ತಾರೆ.)

ಜನರ ಬಾಯಲ್ಲಿರುವುದು ‘ಮೈಗೆ ಮಾತ್ರೆ ಒಗ್ಗಿಹೋಗೈತೆ’ ಎಂಬ ಮಾತು. ಕೇಳಲು ಸೊಗಸಾಗಿದೆ, ಆದರೆ ಅರ್ಥ ದಾರಿ ತಪ್ಪಿಸುತ್ತದೆ. ಒಗ್ಗಿರುವುದು ಮೈಗಲ್ಲ. ಔಷಧಿಗೆ ಸೋಲುವ ಬ್ಯಾಕ್ಟೀರಿಯಾ ಸಾಯುತ್ತವೆ, ಸೋಲದವು ಉಳಿದು ಹೆಚ್ಚುತ್ತವೆ. ಮಾತ್ರೆಯನ್ನೇ ಅಷ್ಟಾಗಿ ನುಂಗದ ಹೆಣ್ಣಿಗೂ ಸರಿಯಾಗಿ ತೊಳೆಯದ ಕೈಯಿಂದಲೋ ವಾರ್ಡಿನ ಸಾಮಾನಿನಿಂದಲೋ ಇ. ಕೋಲೈ, ಕ್ಲೆಬ್ಸಿಯೆಲ್ಲಾದಂಥ ಸೋಲದ ಬ್ಯಾಕ್ಟೀರಿಯಾ ತಗಲಬಹುದು. ‘ನೀನೇ ಕಂಡಕಂಡ ಮಾತ್ರೆ ನುಂಗಿ ಮೈ ಕೆಡಿಸಿಕೊಂಡೆ’ ಎಂದು ಬೈಸಿಕೊಂಡು ಅಳುತ್ತಿದ್ದ ಬಾಣಂತಿಯನ್ನು ಕಂಡ ಮೇಲೆ ಈ ‘ಒಗ್ಗು’ವನ್ನು ಕರಪತ್ರದಲ್ಲಿ ಇಡಲು ನನಗೆ ಮನಸ್ಸಿಲ್ಲ.

ಬೇಕಾದ ಮಾತು ಸಿಕ್ಕಿದ್ದು ಆಲೂಗಡ್ಡೆ ಹೊಲದ ಬದುವಿನಲ್ಲಿ. ಅಂಗಮಾರಿ ರೋಗಕ್ಕೆ ಔಷಧಿ ಹೊಡೆಯುತ್ತಿದ್ದ ಯಜಮಾನರೊಬ್ಬರು, ‘ಮೊದ್ಲು ಒಂದ್ಸಲ ಹೊಡೆದ್ರೆ ನಿಂತೋಗದು ಕಣವ್ವ, ಈಗ ಈ ರೋಗ ಔಸ್ತಿಗೆ ಬಗ್ಗಕ್ಕಿಲ್ಲ’ ಎಂದರು. ಗಿಡಕ್ಕೆ ಔಷಧಿ ಒಗ್ಗಿಹೋಯಿತು ಎಂದು ಅವರು ಹೇಳಲಿಲ್ಲ. ಬಗ್ಗದಿರುವುದು ರೋಗ, ಗಿಡವಲ್ಲ. ಪಾರಿಭಾಷಿಕ ಪದ ಮರೆಸಿದ್ದನ್ನು ಆ ಒಂದು ಕ್ರಿಯಾಪದ ನೇರಮಾಡಿಬಿಟ್ಟಿತು. ‘ಮೊಂಡು’ ಎಂಬುದನ್ನೂ ಯೋಚಿಸಿದೆ. ಆದರೆ ಮಗುವೂ ಮೊಂಡು, ಕುಡುಗೋಲೂ ಮೊಂಡು. ಔಷಧಿಯೇ ಮೊಂಡಾಗಿದೆ ಎಂದುಕೊಂಡು ಮಾತ್ರೆಯನ್ನು ನಡುವೆ ಬಿಟ್ಟುಬಿಟ್ಟರೆ?

ಇನ್ನು ಸೋಂಕಿಗೆ ‘ನಂಜು’. ನಂಜುಂಡನ ಹೆಸರಿಟ್ಟುಕೊಂಡ ಊರುಗಳಲ್ಲಿ ಈ ಪದವನ್ನು ವಿವರಿಸಬೇಕಾಗಿಲ್ಲ. ವಿಷವೆಂಬ ಅರ್ಥವೂ ಇದೆ, ಗಾಯ ಕೆಟ್ಟಿತೆಂಬ ಅರ್ಥವೂ ಇದೆ, ‘ನಂಜೇರಿತು’ ಎಂದರೆ ರಕ್ತಕ್ಕೆ ಹರಡಿದ್ದೂ ತಿಳಿಯುತ್ತದೆ. ತೊಡಕು ಒಂದೇ, ನಮ್ಮಲ್ಲಿ ಬದನೆಕಾಯಿಯೂ ನಂಜು. ಹೊಲಿಗೆ ನಂಜಾಗಿದೆ ಎಂದೊಡನೆ ‘ಅವಳಿಗೆ ಏನು ತಿನ್ನೋಕೆ ಕೊಟ್ರಿ?’ ಎಂಬ ವಿಚಾರಣೆ ಅಡುಗೆಮನೆಯಲ್ಲಿ ಶುರುವಾಗುತ್ತದೆ. ಮತ್ತೆ ತಪ್ಪು ತಾಯಿಯ ತಲೆಗೇ. ‘ಪುರುಡಿನ ನಂಜು’ ಎಂದು ಬರೆಯಿರಿ ಎಂದವರಿದ್ದಾರೆ. ಪುರುಡು ಎಂದರೆ ಹೆರಿಗೆ; ಹಳೆಯ, ಗಟ್ಟಿ ಪದ, ನಿಜ. ಆದರೆ ಅದರ ಹಿಂದೆಯೇ ಮೈಲಿಗೆ ಬರುತ್ತದೆ, ಹಾಗಾಗಿ ಬೇಡವೆನಿಸಿತು.

‘ಬಾಣಂತಿ ಸನ್ನಿ’ಯ ಗೋಜಲು ಇನ್ನೂ ದೊಡ್ಡದು. ನಂಜೇರಿ ಜ್ವರದಲ್ಲಿ ಬಡಬಡಿಸಿದರೂ ಸನ್ನಿ, ಜ್ವರವಿಲ್ಲದೆ ಮನಸ್ಸು ಕದಡಿದರೂ ಸನ್ನಿ. ಎರಡಕ್ಕೂ ವೈದ್ಯರು ಬೇಕು. ಸನ್ನಿ ಎಂಬ ಹೆಸರು ಬಿದ್ದರೆ ಮಾತ್ರ ಮನೆಯವರು ಮೊದಲು ತಾಯಿತ ಕಟ್ಟಿಸಲು ಹೊರಡುತ್ತಾರೆ. ಆದ್ದರಿಂದ ಹೆಸರನ್ನೇ ಬಿಟ್ಟು, ‘ಹೆರಿಗೆಯಾಗಿ 42 ದಿನದೊಳಗೆ 100.4 ಡಿಗ್ರಿಗೆ ಜ್ವರ ಮುಟ್ಟಿದರೆ, ಚಳಿ ನಡುಕ ಬಂದರೆ, ಸ್ರಾವ ಕೆಟ್ಟ ವಾಸನೆ ಹೊಡೆದರೆ, ಮಾತು ತೊದಲಿದರೆ ಅದೇ ದಿನ ಆಸ್ಪತ್ರೆಗೆ ಕರೆತನ್ನಿ’ ಎಂದು ಬರೆದಿದ್ದೇನೆ.

‘ಕಲ್ಚರ್’ ಪರೀಕ್ಷೆಗೆ ಕರಡಿನಲ್ಲಿ ‘ಕೃಷಿ’ ಎಂದಿತ್ತು. ‘ಕೀವಿನಲ್ಲಿರುವ ಕ್ರಿಮಿಯನ್ನು ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತದೆಂದು ನೋಡುವುದು, ಎರಡು ಮೂರು ದಿನ ಹಿಡಿಯುತ್ತದೆ’ ಎಂದು ಬಿಡಿಸಿದೆ. ಇಲ್ಲೂ ‘ಬಗ್ಗು’ ಕೆಲಸಕ್ಕೆ ಬಂತು. ಆಂಟಿಬಯೋಟಿಕನ್ನು ಹಾಗೆಯೇ ಉಳಿಸಿಕೊಂಡು, ಗುರುತಿಗೆ ‘ಮಾತ್ರೆಯ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವ, ಡಾಕ್ಟರ್ ಚೀಟಿಯಿಲ್ಲದೆ ಕೊಳ್ಳಬಾರದ ಮಾತ್ರೆ’ ಎಂದು ಸೇರಿಸಿದ್ದೇನೆ. ‘ಜೀವಿರೋಧಕ’ ಎಂದು ತಾಯಂದಿರ ಮುಂದೆ ಓದಲು ನನ್ನ ನಾಲಿಗೆ ಏಳುವುದಿಲ್ಲ.

ನನ್ನ ಪ್ರಶ್ನೆಗಳು ಇವು. ಧಾರವಾಡ, ಕಲಬುರಗಿ, ಕರಾವಳಿ ಕಡೆ ‘ಔಷಧಿಗೆ ಬಗ್ಗದು’ ಎಂದರೆ ತಟ್ಟನೆ ತಿಳಿಯುತ್ತದೆಯೇ, ಇಲ್ಲ ‘ಮಣಿಯದು’, ‘ಜಗ್ಗದು’ ಎನ್ನಬೇಕೇ? ನಿಮ್ಮಲ್ಲೂ ಊಟದ ನಂಜು, ಗಾಯದ ನಂಜು ಒಂದೇ ಪದವೇ? ಬೇರೆಯಾದರೆ ಗಾಯದ್ದಕ್ಕೆ ಮನೆಯ ಹೆಂಗಸರು ಏನೆನ್ನುತ್ತಾರೆ? ನಿಘಂಟಿನದಲ್ಲ, ಕಿವಿಯಾರೆ ಕೇಳಿದ ಮಾತನ್ನು, ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.