ಸಿಡ್ ವಾಟ್ಕಿನ್ಸ್ ಯಾರು? ಫಾರ್ಮುಲಾ ಒನ್ ರೇಸಿನ ಮೊದಲ ಲ್ಯಾಪಿನಲ್ಲಿ (ಸುತ್ತಿನಲ್ಲಿ) ಡಾಕ್ಟರ್ ಇರುವ ಮೆಡಿಕಲ್ ಕಾರು ರೇಸ್ ಕಾರುಗಳ ಹಿಂದೆಯೇ ಯಾಕೆ ಓಡುತ್ತದೆ?

ಹಾಸನದ_ಹುಡುಗ:
2020ರ ಬಹ್ರೇನ್ ರೇಸಿನ ವಿಡಿಯೋ ಮತ್ತೆ ನೋಡಿದೆ. ರೊಮೇನ್ ಗ್ರೋಜಾನ್ ಕಾರು ಮೊದಲ ಲ್ಯಾಪಿನಲ್ಲೇ ಕಬ್ಬಿಣದ ತಡೆಗೋಡೆಗೆ ನುಗ್ಗಿ, ಎರಡು ತುಂಡಾಗಿ ಹೊತ್ತಿ ಉರಿಯುತ್ತದಲ್ಲ, ಅದು. ಮನುಷ್ಯ ಆ ಬೆಂಕಿಯೊಳಗೆ ಸುಮಾರು 28 ಸೆಕೆಂಡ್ ಇದ್ದ. ಆದರೆ ಅವನು ಹೊರಗೆ ಬರುವಷ್ಟರಲ್ಲಿ ಡಾಕ್ಟರ್ ಆಗಲೇ ಬಂದು ಪಕ್ಕದಲ್ಲಿ ನಿಂತಿದ್ದಾರೆ! ಇಷ್ಟು ಬೇಗ ಹೇಗೆ ಬಂದರು? ಇದಕ್ಕೆಲ್ಲ ಸಿಡ್ ವಾಟ್ಕಿನ್ಸ್ ಕಾರಣ ಅಂತ ಒಬ್ಬರು ಹೇಳಿದರು. ನಾನು ರೇಸ್ ನೋಡಲು ಶುರು ಮಾಡಿದ್ದು ಈಚೆಗೆ. ಗೊತ್ತಿರುವವರು ಸ್ವಲ್ಪ ಹೇಳಿ.

ಹಳೇ_ಟೈರ್:
ಒಳ್ಳೆ ಪ್ರಶ್ನೆ ಕೇಳಿದಿರಿ. ವಾಟ್ಕಿನ್ಸ್ ಲಿವರ್‌ಪೂಲ್‌ನವರು, ಲಂಡನ್ ಆಸ್ಪತ್ರೆಯಲ್ಲಿ ಮೆದುಳಿನ ಆಪರೇಷನ್ ಮಾಡುತ್ತಿದ್ದ ಪ್ರೊಫೆಸರ್. ರೇಸಿನವರಿಗೆಲ್ಲ ಅವರು ಬರೀ 'ಪ್ರೊಫ್'. 1978ರಲ್ಲಿ, ಆಗ ರೇಸ್ ತಂಡಗಳ ಸಂಘ ನಡೆಸುತ್ತಿದ್ದ ಬರ್ನಿ ಎಕ್ಲೆಸ್ಟನ್ ಅವರನ್ನು ಫಾರ್ಮುಲಾ ಒನ್‌ಗೆ ರೇಸಿನ ಡಾಕ್ಟರ್ ಆಗಿ ಕರೆತಂದರು. ಆಗೆಲ್ಲ ರೇಸಿಗೆ ಡಾಕ್ಟರ್ ವ್ಯವಸ್ಥೆ ಅನ್ನುವುದು ಆಯಾ ಊರಿನವರ ಮರ್ಜಿ. ಒಂದು ಕಡೆ ಚೆನ್ನಾಗಿರುತ್ತಿತ್ತು, ಇನ್ನೊಂದು ಕಡೆ ಹೆಸರಿಗೆ ಮಾತ್ರ.

ಅದೇ ವರ್ಷ ಸೆಪ್ಟೆಂಬರ್ 10ರಂದು ಇಟಲಿಯ ಮೊಂಜಾದಲ್ಲಿ ಸ್ಟಾರ್ಟ್ ಆದ ಕೂಡಲೇ ಹಲವು ಕಾರುಗಳು ಒಂದಕ್ಕೊಂದು ಗುದ್ದಿದವು. ರೋನಿ ಪೀಟರ್‌ಸನ್ ಕಾರಿಗೆ ಬೆಂಕಿ ಹತ್ತಿತು. ಅವರನ್ನು ಹೊರಗೆ ಎಳೆದವರು ಯಾರು ಗೊತ್ತಾ? ಜೇಮ್ಸ್ ಹಂಟ್ ಮತ್ತು ಜೊತೆಗಿದ್ದ ಡ್ರೈವರ್‌ಗಳು. ವಾಟ್ಕಿನ್ಸ್ ಓಡಿ ಬಂದರೆ ಪೊಲೀಸರು ಸಾಲಾಗಿ ಅಡ್ಡ ನಿಂತು ಒಳಗೆ ಬಿಡಲಿಲ್ಲ. ರೇಸಿನ ಡಾಕ್ಟರನ್ನೇ! ಆಂಬುಲೆನ್ಸ್ ಬರುವುದೂ ತುಂಬಾ ತಡವಾಯಿತು. ಪೀಟರ್‌ಸನ್ ಮರುದಿನ ಬೆಳಿಗ್ಗೆ ತೀರಿಕೊಂಡರು.

ಆಮೇಲೆ ವಾಟ್ಕಿನ್ಸ್ ಪಟ್ಟು ಹಿಡಿದರು. ತಮ್ಮ ಜೊತೆ ಅನಸ್ತೇಶಿಯಾ ಡಾಕ್ಟರ್ ಬೇಕು, ವೇಗದ ಕಾರು ಬೇಕು, ಹೆಲಿಕಾಪ್ಟರ್ ಬೇಕು. ಎಕ್ಲೆಸ್ಟನ್ ಒಪ್ಪಿದರು, ಅಮೆರಿಕದಲ್ಲಿ ನಡೆದ ಮುಂದಿನ ರೇಸಿಗೇ ಜಾರಿಗೂ ಬಂತು. ಮೊದಲ ಲ್ಯಾಪಿನಲ್ಲಿ ಕಾರುಗಳು ಗುಂಪಾಗಿರುತ್ತವೆ, ಗುದ್ದಾಟ ಜಾಸ್ತಿ. ಅದಕ್ಕೇ ಮೆಡಿಕಲ್ ಕಾರು ಅವುಗಳ ಬೆನ್ನಿಗೇ ಓಡಬೇಕು ಅನ್ನುವ ಪದ್ಧತಿ ಬಂತು. ಬಹ್ರೇನ್‌ನಲ್ಲಿ ಡಾಕ್ಟರ್ ಇಯಾನ್ ರಾಬರ್ಟ್ಸ್ ಎಲ್ಲಿಂದಲೋ ಓಡಿ ಬಂದದ್ದಲ್ಲ, ಆ ಕಾರಿನಲ್ಲೇ ಹಿಂದೆ ಬರುತ್ತಿದ್ದರು. ಮೊಂಜಾ ಮತ್ತು ಬಹ್ರೇನ್ ನಡುವಿನ 42 ವರ್ಷದ ದಾರಿಯನ್ನು ಹಾಕಿಕೊಟ್ಟವರು ಈ ಮನುಷ್ಯ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಐಸಿಯು_ಅಕ್ಕ:
ನಾನು ನರ್ಸ್, ಹಾಗಾಗಿ ಒಂದು ಮಾತು ಸೇರಿಸುತ್ತೇನೆ. ಪೀಟರ್‌ಸನ್ ಸತ್ತದ್ದು ಸುಟ್ಟಗಾಯದಿಂದಲ್ಲ. ಕಾಲಿನ ಮೂಳೆಗಳು ಹಲವು ಕಡೆ ಮುರಿದಿದ್ದವು. ಹಾಗಾದಾಗ ಮೂಳೆಯೊಳಗಿನ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶ, ಮೆದುಳಿಗೆ ಹೋಗಿ ಕಟ್ಟಿಕೊಳ್ಳಬಹುದು. ಅವರಿಗೆ ಆದದ್ದು ಅದೇ.

ಅನಸ್ತೇಶಿಯಾ ಡಾಕ್ಟರ್ ಯಾಕೆ ಅಂದರೆ ಉಸಿರಿನ ದಾರಿಗಾಗಿ. 1995ರಲ್ಲಿ ಅಡಿಲೇಡ್‌ನಲ್ಲಿ ಮಿಕಾ ಹಾಕಿನೆನ್ ಕಾರಿನ ಟೈರ್ ಒಡೆದು ಗೋಡೆಗೆ ಬಡಿಯಿತು. ತಲೆಬುರುಡೆಗೆ ಪೆಟ್ಟು, ಉಸಿರು ಕಟ್ಟಿತ್ತು. ಡಾಕ್ಟರ್‌ಗಳು ಟ್ರ್ಯಾಕ್ ಪಕ್ಕದಲ್ಲೇ ಕುತ್ತಿಗೆಯ ಮುಂಭಾಗದಲ್ಲಿ ತೂತು ಮಾಡಿ ಉಸಿರಾಡಿಸಿದರು. ಆಸ್ಪತ್ರೆಗೆ ಹೋದ ಮೇಲೆ ನೋಡೋಣ ಅಂದಿದ್ದರೆ ಅವರು ಉಳಿಯುತ್ತಿರಲಿಲ್ಲ. ಅದೇ ಹಾಕಿನೆನ್ 1998, 1999ರಲ್ಲಿ ವಿಶ್ವ ಚಾಂಪಿಯನ್!

ರೇಸ್_ಪ್ರೇಮಿ:
ಮೂರು ಸಲ ವಿಶ್ವ ಚಾಂಪಿಯನ್ ಆದ ಡ್ರೈವರ್ ಅಯರ್ಟನ್ ಸೆನ್ನಾ ವಿಷಯ ಯಾರೂ ಹೇಳಲಿಲ್ಲ. ಪ್ರೊಫ್‌ಗೂ ಸೆನ್ನಾಗೂ ತುಂಬಾ ಆಪ್ತ ಸ್ನೇಹ. 1992ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಎರಿಕ್ ಕೋಮಾಸ್ ಅನ್ನುವ ಡ್ರೈವರ್ ಅಪಘಾತವಾಗಿ ಪ್ರಜ್ಞೆ ತಪ್ಪಿದಾಗ ಸೆನ್ನಾ ತಮ್ಮ ಕಾರು ನಿಲ್ಲಿಸಿ ಟ್ರ್ಯಾಕ್ ಮೇಲೆ ಓಡಿದರು, ಎಂಜಿನ್ ಆಫ್ ಮಾಡಿದರು, ಡಾಕ್ಟರ್ ಬರುವವರೆಗೆ ಕೋಮಾಸ್ ತಲೆ ಅಲುಗಾಡದಂತೆ ಹಿಡಿದುಕೊಂಡರು.

1994ರಲ್ಲಿ ಇಟಲಿಯ ಇಮೋಲಾದಲ್ಲಿ ರೇಸಿನ ಹಿಂದಿನ ದಿನ, ಶನಿವಾರ, ಡ್ರೈವರ್ ರೋಲಾಂಡ್ ರಾಟ್ಸೆನ್‌ಬರ್ಗರ್ ಅಪಘಾತದಲ್ಲಿ ಸತ್ತರು. ಸೆನ್ನಾ ಪ್ರೊಫ್ ಭುಜಕ್ಕೆ ಒರಗಿ ಅತ್ತರು. ನೀನು ಸಾಧಿಸಬೇಕಾದ್ದೆಲ್ಲ ಸಾಧಿಸಿದ್ದೀಯ, ಬಿಟ್ಟುಬಿಡು, ನಾನೂ ಬಿಡುತ್ತೇನೆ, ಇಬ್ಬರೂ ಮೀನು ಹಿಡಿಯಲು ಹೋಗೋಣ ಅಂದರಂತೆ ಪ್ರೊಫ್. ಸೆನ್ನಾ ಒಪ್ಪಲಿಲ್ಲ. ಮರುದಿನ ಮೇ 1, ರೇಸಿನಲ್ಲಿ ಸೆನ್ನಾ ಕಾರು ಗೋಡೆಗೆ ಬಡಿದು ಅವರು ತೀರಿಕೊಂಡರು. ಟ್ರ್ಯಾಕ್ ಪಕ್ಕದಲ್ಲಿ ಸೆನ್ನಾಗೆ ಚಿಕಿತ್ಸೆ ಕೊಟ್ಟವರೂ ಇದೇ ಪ್ರೊಫ್. ಅಷ್ಟಾದ ಮೇಲೂ ಅವರು ಕೆಲಸ ಬಿಡಲಿಲ್ಲ, ಸುರಕ್ಷತೆಗೆಂದೇ ಮಾಡಿದ ತಜ್ಞರ ಸಮಿತಿಯ ಮುಖ್ಯಸ್ಥರಾದರು. ಕಾಕ್‌ಪಿಟ್‌ನ (ಡ್ರೈವರ್ ಕೂರುವ ಜಾಗದ) ಅಂಚು ಎತ್ತರವಾಯಿತು, ತಲೆಯ ಸುತ್ತ ದಪ್ಪ ಫೋಮ್ ಬಂತು, 2003ರಿಂದ ಕುತ್ತಿಗೆ ಕಾಯುವ ಹಾನ್ಸ್ ಅನ್ನುವ ಸಾಧನ ಕಡ್ಡಾಯವಾಯಿತು. ಸೆನ್ನಾ ನಂತರ 2014ರಲ್ಲಿ ಜಪಾನಿನ ಸುಜುಕಾದಲ್ಲಿ ಜೂಲ್ಸ್ ಬಿಯಾಂಕಿಗೆ ಅಪಘಾತ ಆಗುವವರೆಗೆ ಗ್ರಾಂಡ್ ಪ್ರಿಯಲ್ಲಿ, ಅಂದರೆ ಫಾರ್ಮುಲಾ ಒನ್ ರೇಸಿನಲ್ಲಿ, ಯಾವ ಡ್ರೈವರೂ ಜೀವ ಕಳೆದುಕೊಳ್ಳಲಿಲ್ಲ.

ಹಳೇ_ಟೈರ್:
ಡ್ರೈವರ್ ಅಂತ ಸರಿಯಾಗಿ ಹೇಳಿದಿರಿ. ಆ ಅವಧಿಯಲ್ಲಿ ಮೂವರು ಮಾರ್ಷಲ್‌ಗಳು (ಟ್ರ್ಯಾಕ್ ಪಕ್ಕದಲ್ಲಿ ಕೆಲಸ ಮಾಡುವವರು) ಸತ್ತಿದ್ದಾರೆ, 2000ದಲ್ಲಿ ಮೊಂಜಾ, 2001ರಲ್ಲಿ ಮೆಲ್ಬರ್ನ್, ಈ ಎರಡೂ ಕಡೆ ಹಾರಿ ಬಂದ ಚಕ್ರದಿಂದ, 2013ರಲ್ಲಿ ಕೆನಡಾದಲ್ಲಿ ಕಾರು ಎತ್ತುವ ವಾಹನದಡಿ ಸಿಕ್ಕಿ. ಅವರನ್ನೂ ನೆನೆಯಬೇಕು, ಅಲ್ವಾ?

ಹಾಸನದ_ಹುಡುಗ:
ಎಲ್ಲರಿಗೂ ಧನ್ಯವಾದ. ಪ್ರೊಫ್ ಈಗ ಇದ್ದಾರಾ? ಇನ್ನೊಂದು, ಮೆಡಿಕಲ್ ಕಾರನ್ನು ಡಾಕ್ಟರೇ ಓಡಿಸುತ್ತಾರಾ?

ರೇಸ್_ಪ್ರೇಮಿ:
ಇಲ್ಲ, 2012ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು, 84 ವರ್ಷ ಆಗಿತ್ತು. ಕಾರು ಓಡಿಸುವುದು ಡಾಕ್ಟರಲ್ಲ, ರೇಸ್ ಓಡಿಸಿ ಪಳಗಿದವರು. ಬಹ್ರೇನ್‌ನಲ್ಲಿ ಓಡಿಸಿದ ಅಲನ್ ವಾನ್ ಡರ್ ಮರ್ವ್ 2003ರ ಬ್ರಿಟಿಷ್ ಫಾರ್ಮುಲಾ ತ್ರೀ ಚಾಂಪಿಯನ್. ವಿಡಿಯೋ ಇನ್ನೊಮ್ಮೆ ಹಾಕಿ ನೋಡಿ, ಡಾಕ್ಟರ್ ರಾಬರ್ಟ್ಸ್ ಕೂಡ ರೇಸ್ ಸೂಟ್, ಹೆಲ್ಮೆಟ್ ಹಾಕಿಕೊಂಡೇ ಬೆಂಕಿಯ ಹತ್ತಿರ ಹೋಗುತ್ತಾರೆ.